ಕುಂಬಾರ ತೊಡಿಸಿದ ಬಳೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆಯ ಗಂಡ ಕಲ್ಲಯ್ಯಜ್ಜ. ಅವರು ಅದನ್ನು ಹೊಳೆದಂಡೆಯ ಮಠದಲ್ಲಿ, ಅಲ್ಲಿನ ಸ್ವಾಮಿಗಳಾದ ಅಜ್ಜನವರ ಪಾದದ ಹತ್ತಿರ ಕುಳಿತು ಕೇಳಿದ್ದರು. ಅವರು ಹೇಳಿದಂತೆಯೇ ಬರೆಯುತ್ತೇನೆ. ಎಲ್ಲಿಯಾದರೂ ಮಾತು ಹೆಚ್ಚಾಗಿದ್ದರೆ ಅದು ನನ್ನದು.

ಒಂದು ಸೋಮವಾರ ಪ್ರಸಾದ ಮುಗಿದ ಮೇಲೆ ಒಬ್ಬ ಶಿಷ್ಯ ಎದ್ದು ಕೈಮುಗಿದು ಕೇಳಿದ.

"ಅಜ್ಜಾರೇ, ಎಲ್ಲಿ ಒಳ್ಳೆಯದು ಕಂಡರೂ ಅದನ್ನು ತಂದುಕೊಂಡೆ. ಒಬ್ಬ ಹಿರಿಯರನ್ನು ನೋಡಿ ಮೌನ ಹಿಡಿದೆ. ಇನ್ನೊಬ್ಬರನ್ನು ನೋಡಿ ಒಪ್ಪೊತ್ತಿನ ಊಟ ಹಿಡಿದೆ. ಮತ್ತೊಬ್ಬರಂತೆ ನಸುಕಿನಲ್ಲಿ ಎದ್ದು ಪೂಜೆಗೆ ಕೂಡುತ್ತೇನೆ. ಮೂರೂ ಒಳ್ಳೆಯವೇ. ಆದರೆ ಮನೆಯಲ್ಲಿ ಮೊದಲಿಗಿಂತ ಹೆಚ್ಚು ಸಿಡುಕುತ್ತೇನೆ. ಹೆಂಡತಿ ಮಕ್ಕಳು ನನ್ನನ್ನು ಕಂಡರೆ ಒಳಗೆ ಸರಿಯುತ್ತಾರೆ. ಬೇರೆಯವರ ಒಳ್ಳೆಯತನ ನಮಗೆ ಒಗ್ಗುವುದೇ ಇಲ್ಲವೇ?"

ಅಜ್ಜನವರು ಅವನನ್ನು ಕೂಡಿಸಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುಂಬಾರ ಇದ್ದ. ಸುತ್ತಿನ ಊರುಗಳ ಮದುವೆಗೆ ಐರಣಿ ಗಡಿಗೆ ಕೊಡುವುದು ಅವನ ಮನೆತನದ ಕಾಯಕ. ಸುಣ್ಣ ಕೆಮ್ಮಣ್ಣು ಬಳಿದ ಆ ಗಡಿಗೆಗಳು ಮದುವೆ ಮನೆಯಲ್ಲಿ ಪೂಜೆಗೊಳ್ಳುತ್ತವೆ. ಅವು ಬರದೆ ಮದುವೆಯ ಕಾರ್ಯ ಮುಂದೆ ಸಾಗದು. ಅವನ ಅಜ್ಜ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ನಡೆದ. ಅಪ್ಪ ಕತ್ತೆಯ ಮೇಲೆ ಹೇರಿದ. ಇವನ ಮೊಣಕಾಲು ನಡೆಯಲು ಒಪ್ಪುತ್ತಿರಲಿಲ್ಲ. ಕತ್ತೆ ಸಾಕುವ ಕಾಲ ಹೋಗಿತ್ತು. ಇವನು ಮೋಟರ್ ಸೈಕಲ್ ಇಟ್ಟುಕೊಂಡ.

ಗಾಡಿ ಹಳೆಯದು. ಎಂಜಿನ್ ಮಾತ್ರ ಒಂದೇ ಒದೆತಕ್ಕೆ ಓಗೊಡುತ್ತಿತ್ತು. ಆದರೆ ಗಾಲಿಗೆ ಬಿದ್ದ ಪೆಟ್ಟನ್ನು ತಾವು ನುಂಗಿ ಮೇಲಿನವರಿಗೆ ಮುಟ್ಟದಂತೆ ಮಾಡುವ ಶಾಕಪ್‌ಗಳು ಸತ್ತಿದ್ದವು. ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಎರಡು ಕಾಲಿನಲ್ಲಿ ಎಣ್ಣೆ ನಿಲ್ಲುತ್ತಿರಲಿಲ್ಲ. ಹಿಂದಿನ ಎರಡು ಸ್ಪ್ರಿಂಗ್ ಕುಸಿದು ಕೂತಿದ್ದವು. ದಾರಿಯ ಕಲ್ಲಿಗೆ ಗಾಲಿ ತಾಗಿದರೆ ಪೆಟ್ಟು ನೇರವಾಗಿ ಗಡಿಗೆಗೆ ಬೀಳುತ್ತಿತ್ತು.

ಹಿಂದಿನ ವರ್ಷ ಕಲ್ಲುದಾರಿಯಾಚೆಯ ಊರಿನಲ್ಲಿ ಒಬ್ಬ ಗೌಡರ ಮನೆಯ ಮದುವೆ. ಗಡಿಗೆಗಳನ್ನು ಇಳಿಸಿ ಸಾಲಾಗಿ ಇಟ್ಟರು. ಒಂದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹೆಂಗಸರು ಅಪಶಕುನವೆಂದು ಮುಖ ಮುಖ ನೋಡಿಕೊಂಡರು. ಹಿರಿಯ ಗೌಡರು ಕುಂಬಾರನನ್ನು ಬದಿಗೆ ಕರೆದರು.

"ಈ ಸಲ ನುಂಗಿಕೊಂಡೇವಿ. ಇನ್ನೊಮ್ಮೆ ಹಿಂಗಾದರ ಹಿತ್ತಾಳಿ ಕೊಡ ಇಡತೀವಿ ನೋಡಪ್ಪ. ಅವು ಬಿರುಕು ಬಿಡೂದಿಲ್ಲ, ನಮ್ಮ ಮಾನಾನೂ ಕಳೆಯೂದಿಲ್ಲ."

ಕುಂಬಾರ ತಲೆ ತಗ್ಗಿಸಿ ಮನೆಗೆ ಬಂದ. ಗೌಡರ ಮನೆಯಲ್ಲಿ ಹಿತ್ತಾಳೆ ಕೂತರೆ ಊರಿನ ಮನೆಗಳಲ್ಲೆಲ್ಲ ಕೂಡುತ್ತದೆ. ಆಮೇಲೆ ಅವನ ತಿಗರಿಯನ್ನು ತಿರುಗಿಸುವ ಕಾರಣವೇ ಉಳಿಯುವುದಿಲ್ಲ.

ವರ್ಷ ತುಂಬುವಷ್ಟರಲ್ಲಿ ಅದೇ ಮನೆಯಿಂದ ಮತ್ತೆ ಹೇಳಿಕೆ ಬಂತು. ಗೌಡರ ಎರಡನೆಯ ಮಗಳ ಮದುವೆ. ಹನ್ನೊಂದು ಗಡಿಗೆ ಬೇಕು. ಉಳಿದದ್ದು ಹನ್ನೆರಡು ದಿನ.

ಕುಂಬಾರ ಗಡಿಗೆ ಮಾಡಿದ, ಬಡಿದ, ಒಣಗಿಸಿದ, ಆವಿಗೆಗೆ ಇಟ್ಟು ಸುಟ್ಟ. ಗಡಿಗೆ ಚೆನ್ನಾಗಿಯೇ ಬಂದವು. ಅವನು ಅವುಗಳನ್ನು ನೋಡಿದ, ಗಾಡಿಯನ್ನು ನೋಡಿದ. ಹೆಂಡತಿ ಒಳಗಿನಿಂದಲೇ ಅಂದಳು.

"ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅಂತಾರ. ನಮಗ ದೊಣ್ಣಿ ಹೊರಗಿಂದ ಬರೂದು ಬ್ಯಾಡ ಬಿಡ್ರಿ. ಮನಿ ಮುಂದ ನಿಂತೇತಿ, ಎರಡು ಗಾಲಿ ಹಚಗೊಂಡು."

ಕುಂಬಾರ ಒಬ್ಬ ರೈತನ ಹೊಲಮನೆಗೆ ಹೋದ. ಅಲ್ಲಿ ಒಂದು ದೊಡ್ಡ ಮೋಟರ್ ಸೈಕಲ್ ಮೂರು ವರ್ಷದಿಂದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು.

ರೈತ ನಕ್ಕ. "ಎಂಜಿನ್ ಸುಟ್ಟಮ್ಯಾಲ ಕೋಳಿ ಬಿಟ್ಟರ ಅದನ್ನ ಯಾರೂ ಹತ್ತಿಲ್ಲ ಮಾರಾಯ. ಮುಂದಿನ ಗಾಲಿ ಸೊಟ್ಟ ಆಗೇತಿ. ಕಾಲು ಮಾತ್ರ ಕಲ್ಲಿದ್ದಂಗ ಅದಾವ. ಬೇಕಾದ್ದು ಬಿಚಗೊಂಡು ಹೋಗು. ನನಗೊಂದು ನೀರಿನ ಹರವಿ ಮಾಡಿಕೊಡು, ಸಾಕು."

ಕುಂಬಾರ ಆ ಗಾಡಿಯನ್ನು ತಳ್ಳಿಕೊಂಡು ಬಂದು ತನ್ನ ಮನೆಯ ತಗಡಿನ ಚಪ್ಪರದ ಕೆಳಗೆ ತನ್ನ ಗಾಡಿಯ ಪಕ್ಕ ನಿಲ್ಲಿಸಿದ. ಎರಡರ ಹೊಟ್ಟೆಯ ಕೆಳಗೂ ಇಟ್ಟಂಗಿ ಒಟ್ಟಿದ. ದೇವರಿಗೆ ಕೈಮುಗಿದು ನಟ್ಟು ಬಿಚ್ಚುವ ಪಾನಾ ಹಿಡಿದ.

ಹಿಂದಿನ ಸ್ಪ್ರಿಂಗ್‌ಗಳು ಅಲ್ಲಿಂದ ಕಳಚಿದವು, ಇಲ್ಲಿ ಕೂತವು. ಇಲ್ಲಿಯೇ ಹುಟ್ಟಿದವೇನೋ ಎಂಬಂತೆ ಕೂತವು. ಕುಂಬಾರನಿಗೆ ಹುರುಪು ಬಂತು. ಮುಂದಿನ ಕಾಲುಗಳನ್ನೂ ತಂದು ಜೋಡಿಸಿದ. ರೈತನ ಗಾಲಿ ಸೊಟ್ಟಗಿತ್ತಲ್ಲ, ಅದಕ್ಕೆ ತನ್ನ ಗಾಲಿಯನ್ನೇ ಅವುಗಳ ನಡುವೆ ಇಟ್ಟ. ಅಲ್ಲಿ ಒಂದು ತೊಡಕು ಕಂಡಿತು. ದೊಡ್ಡ ಗಾಡಿಯ ಕಾಲುಗಳು ಒಂದರಿಂದ ಒಂದು ತುಸು ದೂರ ನಿಲ್ಲುವಂಥವು. ಗಾಲಿಯ ನಟ್ಟನಡುವಿನ ಗುಂಭಕ್ಕೂ ಕಾಲಿಗೂ ನಡುವೆ ಎರಡೂ ಬದಿಯಲ್ಲಿ ಕಿರುಬೆರಳಿನಷ್ಟು ತೆರಪು ಉಳಿಯಿತು.

ಕುಂಬಾರ ಅದನ್ನು ದೊಡ್ಡದು ಮಾಡಲಿಲ್ಲ. ಗಾಲಿಯ ಅಚ್ಚಿನ ನಟ್ಟನ್ನು ಬಲವಾಗಿ ಬಿಗಿದ. ಕಾಲುಗಳು ನರಳುತ್ತ ಒಳಗೆ ಬಾಗಿದವು. ತೆರಪು ಮುಚ್ಚಿತು. ಕಣ್ಣಿಗೆ ಎಲ್ಲ ಸರಿಯಾಯಿತು.

ಪರೀಕ್ಷೆಗೆಂದು ಅವನು ಐದು ಹಳೆಯ ಗಡಿಗೆಗಳನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿ ಕಟ್ಟಿಕೊಂಡು ಬಾವಿಯವರೆಗೆ ಹೋಗಿ ಬಂದ. ಇಳಿದು ನೋಡಿದರೆ ನಾಲ್ಕು ಒಡೆದಿದ್ದವು.

ಹೆಂಡತಿ ಚೂರುಗಳನ್ನು ಆರಿಸುತ್ತ ಅಂದಳು. "ಮದಲ ಒಂದು ಒಡೀತಿತ್ತು. ಈಗ ನಾಕು. ಗಾಡಿ ಭಾಳ ಸುಧಾರಿಸೇತಿ."

ಕುಂಬಾರ ಗಾಡಿಯ ಹತ್ತಿರ ಹೋದ. ಹ್ಯಾಂಡಲ್ ಹಿಡಿದು ಮೈಭಾರ ಹಾಕಿ ಒತ್ತಿದ. ಮುಂದಿನ ಕಾಲು ಇಳಿಯಲಿಲ್ಲ. ಮತ್ತೆ ಒತ್ತಿದ. ಗೂಟದಂತೆ ನಿಂತಿದ್ದವು. ರೈತನ ಕೊಟ್ಟಿಗೆಯಲ್ಲಿ ಇವೇ ಕಾಲು ಒತ್ತಿದರೆ ಇಳಿದು, ಬಿಟ್ಟರೆ ಏಳುತ್ತಿದ್ದವು. ಅದನ್ನು ಅವನ ಕೈಯೇ ನೋಡಿತ್ತು. ಒಳ್ಳೆಯ ಕಾಲು ನನ್ನ ಮನೆಗೆ ಬಂದು ಯಾಕೆ ಕೆಟ್ಟವು, ನನ್ನ ಮನೆಯ ಗುಣವೇ ಹೀಗೋ ಎಂದು ಅವನ ಮನಸ್ಸು ಸಣ್ಣದಾಯಿತು. ಬೇಸತ್ತು, ಎಲ್ಲ ಬಿಚ್ಚಿಬಿಡುತ್ತೇನೆ ಎಂದು ನಟ್ಟನ್ನು ಸಡಿಲಿಸಿದ.

ಕಾಲುಗಳು ತಮ್ಮಷ್ಟಕ್ಕೆ ಹಿಂದೆ ಸರಿದು ನೇರವಾದವು. ಗಾಡಿಯ ಮೂತಿ ಮೆಲ್ಲಗೆ ಕೆಳಗಿಳಿದು, ಮೆಲ್ಲಗೆ ಮೇಲೆದ್ದಿತು.

ಕುಂಬಾರ ಪಾನಾ ಕೆಳಗಿಟ್ಟು ಬಗ್ಗಿ ನೋಡಿದ. ಕಾಲು ಕೆಟ್ಟಿರಲಿಲ್ಲ. ಬಲವಂತಕ್ಕೆ ಬಾಗಿದ್ದವು, ಬಾಗಿದ್ದರಿಂದ ಒಳಗೊಳಗೇ ಹಿಡಿದುಕೊಂಡಿದ್ದವು. ತೆರಪನ್ನು ಮುಚ್ಚುವುದು ಬೇರೆ, ತುಂಬುವುದು ಬೇರೆ ಎಂದು ಅವನಿಗೆ ಆಗ ತಿಳಿಯಿತು. ಅಲ್ಲಿ ಒಂದೊಂದು ಕಬ್ಬಿಣದ ಬಳೆ ಬೇಕು. ಅದು ತನ್ನ ಗಾಡಿಯಲ್ಲಿ ಇರಲಿಲ್ಲ. ರೈತನ ಗಾಡಿಯಲ್ಲಿಯೂ ಇರಲಿಲ್ಲ.

ಅಳತೆ ತೆಗೆಯಲು ಕುಂಬಾರನಿಗೆ ಪಟ್ಟಿ ಯಾಕೆ? ಹದವಾದ ಮಣ್ಣನ್ನು ತೆರಪಿಗೆ ಒತ್ತಿ ಬಿಡಿಸಿಕೊಂಡ. ಅದನ್ನೇ ನೋಡಿ ಎರಡು ಮಣ್ಣಿನ ಬಳೆ ಮಾಡಿದ. ಒದ್ದೆ ಬಟ್ಟೆಯಲ್ಲಿ ಸುತ್ತಿ ಪೇಟೆಯ ಲೇತಿನವನ ಹತ್ತಿರ ಒಯ್ದ. ಲೇತಿನವನು ಮಣ್ಣಿನ ಬಳೆಯನ್ನು ಅಳೆದು, ಅಷ್ಟೇ ದಪ್ಪಕ್ಕೆ ಕಬ್ಬಿಣ ಕೊರೆದು ಕೊಟ್ಟ. ಮನೆಗೆ ತಂದು ಇಟ್ಟರೆ ಬಳೆ ಒಳಗೆ ಹೋಗಲಿಲ್ಲ. ಒಂದು ಅಕ್ಕಿಕಾಳಿನಷ್ಟು ದಪ್ಪವಾಗಿತ್ತು.

ಕುಂಬಾರ ಹಣೆ ಬಡಿದುಕೊಂಡು ನಕ್ಕ. ಮಣ್ಣು ಒಣಗಿದರೆ, ಸುಟ್ಟರೆ, ಕುಗ್ಗುತ್ತದೆ. ಅದಕ್ಕೆ ಕುಂಬಾರರ ಕೈ ಏನು ಮಾಡಿದರೂ ತುಸು ಹಿರಿದಾಗಿಯೇ ಮಾಡುತ್ತದೆ. ಮೂವತ್ತು ವರ್ಷದ ರೂಢಿ. ಮಣ್ಣಿಗೆ ಕೊಡುವ ಆ ಹೆಚ್ಚಿನ ಪಾಲನ್ನು ಅವನ ಕೈ ಕಬ್ಬಿಣಕ್ಕೂ ಕೊಟ್ಟುಬಿಟ್ಟಿತ್ತು.

ಹೆಂಡತಿ ಕೇಳಿದಳು. "ಈಗೇನು, ಕಬ್ಬಿಣ ಕುಗ್ಗೂತನಕ ಬಿಸಲಿಗೆ ಇಡೂದೇನು?"

"ಬಿಸಲಿಗಲ್ಲ, ಅರಕ್ಕ ಇಡೂದು" ಅಂದ ಕುಂಬಾರ.

ಅರ ಹಿಡಿದು ಕೂತು ಎರಡು ದಿನ ಉಜ್ಜಿದ. ಉಜ್ಜುವುದು, ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಬೀಳಬಾರದು. ಆ ಹದಕ್ಕೆ ತಂದ. ಎರಡೂ ಬದಿಯಲ್ಲಿ ಬಳೆ ತೊಡಿಸಿ, ನಟ್ಟನ್ನು ಬೇಕಾದಷ್ಟೇ ಬಿಗಿದ. ಗಾಲಿಯನ್ನು ತಿರುವಿಬಿಟ್ಟು, ತಿಗರಿಯ ಮೇಲಿನ ಮಣ್ಣಿನ ನಡುವನ್ನು ನೋಡುವ ಕಣ್ಣಿನಿಂದಲೇ ಅದರ ನಡುವನ್ನು ನೋಡಿದ. ಗಾಲಿ ಅತ್ತ ಇತ್ತ ಆಡಲಿಲ್ಲ. ಬ್ರೇಕ್ ಹಿಡಿದು ನೋಡಿದ. ಹಿಡಿಯಿತು. ಹ್ಯಾಂಡಲ್ ಒತ್ತಿದ. ಇಳಿಯಿತು, ಎದ್ದಿತು.

ಮದುವೆಯ ದಿನ ಬೆಳಿಗ್ಗೆ ಹನ್ನೊಂದು ಗಡಿಗೆಯನ್ನು ಎರಡು ಬುಟ್ಟಿಯಲ್ಲಿ ತುಂಬಿ ಎರಡು ಬದಿಗೆ ಕಟ್ಟಿದರು. ಹೆಂಡತಿ ಹಿಂದೆ ಕೂತು ಎರಡೂ ಬುಟ್ಟಿಯ ಮೇಲೆ ಕೈ ಇಟ್ಟುಕೊಂಡಳು. ಕಲ್ಲುದಾರಿ ಶುರುವಾಯಿತು. ಗಾಲಿ ಕಲ್ಲು ಹತ್ತಿತು, ಇಳಿಯಿತು. ಬುಟ್ಟಿ ಮಿಸುಕಲಿಲ್ಲ. ತಗ್ಗು ಬಂತು. ಕಾಲುಗಳು ತಗ್ಗನ್ನು ತಾವೇ ನುಂಗಿದವು. ಬಾಯಲ್ಲಿ ಶಿವನಾಮ ಹಿಡಿದು ಕೂತಿದ್ದ ಹೆಂಡತಿ ಹಳ್ಳ ದಾಟುವ ಹೊತ್ತಿಗೆ ಸೋಬಾನೆ ಹಾಡು ಎತ್ತಿದಳು. ಕುಂಬಾರನೂ ದನಿ ಕೂಡಿಸಿದ.

ಗೌಡರ ಅಂಗಳದಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ಕೊಡಗಳು ಸಾಲಾಗಿ ನಿಂತಿದ್ದವು. ಕುಂಬಾರ ಅವನ್ನು ನೋಡಿದ. ಬುಟ್ಟಿ ಬಿಚ್ಚಿ ಗಡಿಗೆಗಳನ್ನು ಇಳಿಸಿದ. ಹಿರಿಯ ಗೌಡರು ತಾವೇ ಮುಂದೆ ಬಂದು ಗಡಿಗೆಗಳ ಎದುರು ಕುಕ್ಕರುಗಾಲಲ್ಲಿ ಕೂತರು. ಒಂದೊಂದನ್ನೇ ಎತ್ತಿ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದರು. ಬಿರುಕಿದ್ದರೆ ಗಡಿಗೆ ಒಡಕು ದನಿ ಕೊಡುತ್ತದೆ.

ಮೊದಲನೆಯದು ಠಣ್ ಎಂದಿತು. ಎರಡನೆಯದು ಠಣ್ ಎಂದಿತು. ಹೆಂಗಸರು ಹತ್ತಿರ ಬಂದು ಸುತ್ತ ನಿಂತರು. ಹತ್ತನೆಯದಾಯಿತು. ಹನ್ನೊಂದನೆಯದನ್ನು ಗೌಡರು ಎರಡು ಸಲ ಬಡಿದರು. ಎರಡು ಸಲವೂ ಅದು ಗುಡಿಯ ಗಂಟೆಯಂತೆ ನುಡಿಯಿತು.

ಗೌಡರು ಎದ್ದು ನಿಂತು ಕೂಗಿದರು. "ಏ, ಆ ಹಿತ್ತಾಳಿ ಕೊಡ ಒಳಗ ಒಯ್ರಿ. ಮಂದಿಗೆ ಕುಡಿಯೂ ನೀರು ತುಂಬಾಕ ಆಗತಾವ. ಐರಣಿ ಬಂದಾವ, ಹಲಗಿ ಬಾರಿಸ್ರಿ!"

ಹಲಗೆ ಮೊಳಗಿತು. ಮುತ್ತೈದೆಯರು ಆರತಿ ತಂದರು. ಗಡಿಗೆಗೆ ಬೆಳಗಿದ ಆರತಿಯನ್ನು ಒಬ್ಬಾಕೆ ಕುಂಬಾರನ ಗಾಡಿಗೂ ಬೆಳಗಿದಳು. ಕುಂಬಾರನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಕಡೆ ನೋಡಿ ನಕ್ಕಳು. ಆ ದಿನ ಅವಳ ಬಾಯಲ್ಲಿ ದೊಣ್ಣೆಯ ಮಾತು ಬರಲಿಲ್ಲ.

ಗೌಡರು ಗಾಡಿಯನ್ನು ಸುತ್ತಿ ನೋಡಿ ಕೇಳಿದರು. "ಹೊಸಾದು ತಂದೆ ಏನೋ?"

ಕುಂಬಾರ ಕೈಮುಗಿದ. "ಇಲ್ಲರೀ ಧಣಿ. ಕಾಲು ಒಬ್ಬ ರೈತಂದು, ಗಾಲಿ ನಂದು. ನಡುವ ಬಳಿ ತೊಡಿಸಿ ನಾನ ಮದುವಿ ಮಾಡೀನಿ."

ಇಷ್ಟು ಹೇಳಿ ಅಜ್ಜನವರು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಅಂದರೆ ಬೇರೆಯವರಿಂದ ತಂದದ್ದು ತಪ್ಪಲ್ಲ, ಅಜ್ಜಾರೇ?" ಎಂದ.

ಅಜ್ಜನವರು ಅವನ ಹೆಗಲ ಮೇಲೆ ಕೈ ಇಟ್ಟು ಕೇಳಿದರು.

"ಮೂರು ಒಳ್ಳೆಯದನ್ನು ತಂದು ಬಿಗಿದೆ ಎಂದೆಯಲ್ಲ ಮಗನೇ, ನಿನ್ನ ಮನೆಯ ತೆರಪನ್ನು ಒಮ್ಮೆಯಾದರೂ ಅಳೆದಿದ್ದೆಯಾ?"

ಶಿಷ್ಯ ಎದ್ದು ಕೈಮುಗಿದು, "ಹೆಂಡತಿ ಮಕ್ಕಳಿಗೆ ಯಾವುದು ಹೊಂದುತ್ತದೆ ಎಂದು ಕೇಳದೆಯೇ ಬಿಗಿದೆ, ಅಜ್ಜಾರೇ" ಎಂದ.

ಕಲ್ಲಯ್ಯಜ್ಜ ಇದನ್ನು ನನಗೆ ಕೊಟ್ಟರು, ನಾನು ನಿಮಗೆ ಕೊಟ್ಟೆ. ನಿಮ್ಮ ಮನೆಯಲ್ಲಿ ಕೇಳುವವರು ಒಬ್ಬರಿದ್ದರೂ ಸಾಕು, ಅವರನ್ನು ಹತ್ತಿರ ಕೂಡಿಸಿಕೊಂಡು ಇದನ್ನು ಹೇಳಿರಿ.