ಕುದಿಸಿದ ಬಾಸುಂದಿ

“ಬುದ್ಧಿ, ನನ್ನ ಸಿಟ್ಟು ಆ ಗಳಿಗೆಯಲ್ಲೇ ಸತ್ತುಹೋಯಿತು. ಅಡವಯ್ಯ ಮಾತ್ರ ನಿನ್ನೆಯಿಂದ ಊಟ ಮುಟ್ಟಿಲ್ಲ, ಈಗ ಮಠ ಬಿಡಲು ಗಂಟು ಕಟ್ಟುತ್ತಿದ್ದಾನೆ. ಸತ್ತ ಸಿಟ್ಟು ಅವನನ್ನು ಹೇಗೆ ನೋಯಿಸೀತು?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ. ತನ್ನ ಜೊತೆಯ ಶಿಷ್ಯ ಅಡವಯ್ಯನನ್ನು ಅವನು ಹಿಂದಿನ ದಿನ ಸಿಟ್ಟಿನಲ್ಲಿ ಊಟದ ಪಂಕ್ತಿಯಲ್ಲಿ ಎಲ್ಲರೆದುರು ‘ಕೂಳಿಗಾಗಿ ಮಠ ಸೇರಿದವನು’ ಎಂದು ಹಂಗಿಸಿದ್ದ.

ಗುರುಗಳು ನಕ್ಕರು. “ಭಲೇ ಜಾಣ ಕಣಯ್ಯ ನೀನು. ಕೂತುಕೋ, ಒಂದು ಕತೆ ಹೇಳುತ್ತೇನೆ.

“ಒಬ್ಬ ಅಡಿಗೆಯವನಿದ್ದ. ಕೈರುಚಿ ದೊಡ್ಡದು, ಬಡಾಯಿ ಅದಕ್ಕಿಂತ ದೊಡ್ಡದು. ಹೊಸ ಅಳಿಯ ಮೊದಲ ಸಲ ಮನೆಗೆ ಬರುತ್ತಾನೆಂದು ಹಿಂದಿನ ಸಂಜೆಯೇ ಬಾಸುಂದಿ ಕಾಯಿಸಿಟ್ಟ. ಅವನ ತೋರುಬೆರಳಿಗೆ ಉಗುರುಸುತ್ತಾಗಿ ಕೀವು ಕಟ್ಟಿತ್ತು. ಹಾಲು ಆರಿದ ಮೇಲೆ ಪಾತ್ರೆಯ ಅಂಚಿನ ಕೆನೆಯನ್ನು ಅದೇ ಬೆರಳಲ್ಲಿ ಕೆರೆದು ಒಳಗೆ ಸೇರಿಸಿದ. ಕೆನೆ ಬಿಡಲು ಮನಸ್ಸಾಗಬೇಕಲ್ಲ! ಆಮೇಲೆ ಮುಚ್ಚಳ ಹಾಕಿ ಒಲೆಕಟ್ಟೆಯ ಮೇಲೆ ಬಿಟ್ಟು ಮಲಗಿದ.

“ಬೆಳಿಗ್ಗೆ ಹೆಂಡತಿ, ‘ರಾತ್ರಿಯೆಲ್ಲ ಸೆಕೆಯಲ್ಲಿತ್ತು, ನಿಮ್ಮ ಬೆರಳೂ ಹಾಗಿದೆ. ಚೆಲ್ಲಿಬಿಡಿ’ ಎಂದಳು.

“‘ಬೆಂಕಿ ಮುಟ್ಟಿದ ಮೇಲೆ ಯಾವ ಹುಳು ಉಳಿದೀತೇ ಮಾರಾಯ್ತಿ?’ ಎಂದು ಅವನು ಬಾಸುಂದಿಯನ್ನು ಮತ್ತೆ ಕೊತಕೊತ ಕುದಿಸಿದ. ಅಳಿಯನಿಗೆ ಬಟ್ಟಲ ಮೇಲೆ ಬಟ್ಟಲು ಬಡಿಸಿದ. ಬಿಸಿಲು ಇಳಿಯುವ ಮೊದಲೇ ಅಳಿಯ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡತೊಡಗಿದ. ಮಗಳು ಅಪ್ಪನ ಮುಖವನ್ನೇ ನೋಡಿದಳು.

“ವೈದ್ಯ ಬಂದ. ‘ನನ್ನ ತಪ್ಪಿಲ್ಲ ಸ್ವಾಮಿ, ಚೆನ್ನಾಗಿ ಕುದಿಸಿದ್ದೇನೆ’ ಎಂದ ಅಡಿಗೆಯವನು.

“ವೈದ್ಯ ಅವನ ಬೆರಳು ನೋಡಿದ. ‘ನಿನ್ನ ಕೀವಿನಲ್ಲಿದ್ದ ರೋಗಾಣುಗಳು ರಾತ್ರಿಯಿಡೀ ಹಾಲಿನಲ್ಲಿ ಬೆಳೆದು ವಿಷ ಉಗುಳಿವೆ. ಕುದಿಸಿದಾಗ ಅವು ಸತ್ತವು, ನಿಜ. ವಿಷಕ್ಕೆ ಜೀವವೇ ಇಲ್ಲವಲ್ಲ, ಅದು ಸಾಯುವುದು ಹೇಗೆ? ಕುದಿಸಿದರೂ ಹೋಗದ ವಿಷ ಅದು. ಅದನ್ನೇ ಈಗ ಇವನ ಹೊಟ್ಟೆ ಹೊರಗೆ ದೂಡುತ್ತಿದೆ. ವಾದ ಸಾಕು. ಉಪ್ಪು ಸಕ್ಕರೆ ಹಾಕಿದ ನೀರನ್ನು ಚಮಚ ಚಮಚವಾಗಿ ಕುಡಿಸು.’

“ಅಡಿಗೆಯವನ ಬಡಾಯಿ ಇಳಿಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಚಮಚ ಹಿಡಿದು ಅಳಿಯನ ಪಕ್ಕದಲ್ಲಿ ಕೂತ. ಕುಡಿಸಿದ್ದು ವಾಂತಿಯಾದರೂ ಮತ್ತೆ ಕುಡಿಸಿದ. ಮಾರನೆಯ ದಿನ ಅಳಿಯ ಎದ್ದು ಕೂತು, ‘ಮಾವ, ಮುಂದಿನ ಸಲ ಗಂಜಿ ಸಾಕು’ ಎಂದ. ಮನೆಯವರೆಲ್ಲ ಹೊಟ್ಟೆ ತುಂಬ ನಕ್ಕರು. ಅಡಿಗೆಯವನು ನಗುತ್ತಲೇ ಕಣ್ಣೊರೆಸಿಕೊಂಡ.”

ಮರುಳಸಿದ್ಧನ ಮುಖ ಅರಳಿತು. “ತಿಳಿಯಿತು ಬುದ್ಧಿ! ಸಿಟ್ಟು ಸತ್ತರೂ ಅದು ಉಗುಳಿದ ಮಾತು ಉಳಿಯುತ್ತದೆ.”

“ಸಂತೋಷ. ಸಿಟ್ಟು ಸತ್ತ ಸುದ್ದಿ ಹೇಳಲು ನನ್ನ ಹತ್ತಿರ ಓಡಿಬಂದೆಯಲ್ಲ, ಚಮಚ ಹಿಡಿದು ಅಡವಯ್ಯನ ಪಕ್ಕದಲ್ಲಿ ಯಾವಾಗ ಕೂರುತ್ತೀಯಪ್ಪ?”