ಬೂದಿ ಬೆಕ್ಕೂ ಹಳದಿ ಮನೆಗಾಡಿಯ ಬಾಗಿಲೂ

ಒಂದು ಕೆರೆ. ಕೆರೆ ದಂಡೆಯ ಮೇಲೆ ಹುಣಸೆಮರ. ಹುಣಸೆಮರದ ಕೆಳಗೆ ಐದು ಮನೆಗಾಡಿ.

ಮನೆಗಾಡಿ ಅಂದರೆ ಏನು? ಚಕ್ರ ಇರುವ ಮನೆ. ಮುಂದೆ ಸ್ಟೀರಿಂಗು, ಹಿಂದೆ ಮಂಚ, ನಡುವೆ ಒಲೆ. ಬೇಕಾದಲ್ಲಿಗೆ ಹೋಗುತ್ತೆ. ಬೇಕಾದಲ್ಲಿ ನಿಲ್ಲುತ್ತೆ. ಒಂದೊಂದು ಸಲ ಬೇಡವಾದಲ್ಲೂ ನಿಲ್ಲುತ್ತೆ.

ಯಾಕೆ ಅಂದರೆ ಈ ಐದೂ ಹಳೇ ಗಾಡಿ. ನಿಮ್ಮ ಅಪ್ಪನಿಗಿಂತ ಹಳೇದು. ಒಂದು ಹಳದಿ, ಒಂದು ನೀಲಿ, ಒಂದು ಹಸಿರು, ಒಂದು ಕೆಂಪು, ಒಂದು ಬಿಳಿ. ವರ್ಷಕ್ಕೊಂದು ಸಲ ಐದೂ ಈ ಕೆರೆಗೆ ಬರುತ್ತವೆ. ಗಾಡಿಯವರು ಗಾಡಿ ತೊಳೀತಾರೆ. ಬಿಚ್ಚುತ್ತಾರೆ. ಎಣ್ಣೆ ಹಾಕುತ್ತಾರೆ. ಮತ್ತೆ ಜೋಡಿಸುತ್ತಾರೆ. ಹಳೇ ಗಾಡಿಯ ಸಾಮಾನು ಅಂಗಡಿಯಲ್ಲಿ ಸಿಗೋದಿಲ್ಲ. ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರ ಕೈಗೆ ಬರಬೇಕು. ಅಲ್ಲಿಯ ಪದ್ಧತಿ ಅದು.

ಹಳದಿ ಗಾಡಿ ಶೇಷಗಿರಿ ತಾತನದು. ಅದರ ಮಂಚದ ಮೇಲೆ ಒಂದು ಬೂದಿ ಬೆಕ್ಕು. ಬೂದಿ ಬೆಕ್ಕಿಗೆ ಮೂರು ಮರಿ. ಮರಿಗಳು ಕಣ್ಣು ಬಿಟ್ಟು ಎರಡೇ ದಿನ.

ಒಂದು ಮಧ್ಯಾಹ್ನ ಬೆಕ್ಕು ನೀರು ಕುಡಿಯೋಕೆ ಕೆರೆಗೆ ಹೋಯ್ತು. ಗಾಳಿ ಬೀಸಿತು. ಹಳದಿ ಗಾಡಿಯ ಬಾಗಿಲು ದಢ್ ಅಂತ ಮುಚ್ಚಿಕೊಂಡಿತು. ತಾತ ಬಾಗಿಲ ಹಿಡಿ ಎಳೆದರು. ಹಿಡಿಯ ಸ್ಕ್ರೂ ಕಳಚಿತು. ಮೆಟ್ಟಿಲ ಮೇಲೆ ಟಿಣ್ ಅಂತ ಬಿತ್ತು. ಉರುಳಿತು. ಹುಲ್ಲಿನೊಳಗೆ ಹೋಯ್ತು.

ಎಷ್ಟು ಸಣ್ಣ ಸ್ಕ್ರೂ? ಕಡಲೆಬೇಳೆಯಷ್ಟು. ಬೆಕ್ಕು ಬಂತು. ಮೂಸಿ ಮೂಸಿ ಹುಡುಕಿತು. ಸಿಗಲಿಲ್ಲ.

ಬಾಗಿಲ ಒಳಗೆ ಮರಿಗಳು ಎದ್ದವು. ಒಂದು ‘ಮಿಯಾ’ ಅಂತು. ಒಂದು ‘ಮೀ’ ಅಂತು. ಇನ್ನೊಂದಕ್ಕೆ ಕೂಗೋಕೆ ಬರೋದಿಲ್ಲ. ಅದು ಬರೀ ಬಾಯಿ ತೆರೀತು. ಅದು ಅಮ್ಮನಿಗೆ ಮಾತ್ರ ಗೊತ್ತು.

ಬೆಕ್ಕು ಹೇಳಿತು:

“ತಾತಾ, ತಾತಾ, ಬಾಗಿಲು ತೆಗೀರಿ.
ಬಾಗಿಲು ತೆಗೆದರೆ ನನ್ನ ಮೂರು ಮರಿ.”

“ತೆಗೀತಿದ್ದೆ ಕಣಮ್ಮ,” ಅಂದರು ತಾತ. “ಆದರೆ ನೋಡು, ಈ ಹಿಡಿಯನ್ನ ಒತ್ತಿ ಹಿಡಿದು ನಿಂತಿದ್ದೀನಿ. ಕೈ ಬಿಟ್ಟರೆ ಒಳಗಿನ ಸರಳು ಬಿದ್ದುಹೋಗುತ್ತೆ. ಸರಳು ಬಿದ್ದರೆ ಬಾಗಿಲು ತೆಗೆಯೋಕೇ ಆಗೋದಿಲ್ಲ.”

“ಕಿಟಕಿ?”

“ಕಿಟಕಿಗೆ ಒಳಗಿಂದ ಚಿಲಕ.”

“ಹಾಗಾದರೆ ಬಾಗಿಲು ಒಡೀರಿ.”

“ಒಡೆಯೋದು ಯಾರಿಗಾದರೂ ಬರುತ್ತೆ,” ಅಂದರು ತಾತ. “ತೆಗೆಯೋದು ಕಲೀಬೇಕು. ಒಂದು ಸ್ಕ್ರೂ ತಾ. ನೀಲಿ ಗಾಡಿಯ ಸೆಲಿನ್ ಟೀಚರ್ ಹತ್ತಿರ ಡಬ್ಬಿ ತುಂಬ ಸ್ಕ್ರೂ ಇದೆ.”

ಬೆಕ್ಕು ಓಡಿತು.

ನೀಲಿ ಗಾಡಿಯ ಹತ್ತಿರ ಸೆಲಿನ್ ಟೀಚರ್ ಮಂಡಿಯೂರಿ ಕೂತಿದ್ದರು. ಬೆಕ್ಕು ಹೇಳಿತು:

“ಟೀಚರ್, ಟೀಚರ್, ಸ್ಕ್ರೂ ಕೊಡಿ.
ಸ್ಕ್ರೂ ಕೊಟ್ಟರೆ ತಾತ ಬಾಗಿಲು ತೆಗೀತಾರೆ.
ಬಾಗಿಲು ತೆಗೆದರೆ ನನ್ನ ಮೂರು ಮರಿ.”

“ಕೊಡ್ತಿದ್ದೆ ಮಗಾ,” ಅಂದರು ಟೀಚರ್. “ಆದ್ರೆ ಎಂಥ ಮಾಡುದು? ನೀರಿನ ಪೈಪಿಗೆ ಹೆಬ್ಬೆಟ್ಟು ಒತ್ತಿ ಕೂತಿದ್ದೇನೆ. ಒಳಗಿನ ರಬ್ಬರ್ ಉಂಗುರ ಹರಿದುಹೋಯ್ತು. ಬೆರಳು ತೆಗೆದ್ರೆ ಟ್ಯಾಂಕಿನ ನೀರೆಲ್ಲ ನೆಲಕ್ಕೆ. ಒಂದು ರಬ್ಬರ್ ಉಂಗುರ ತಾ. ಹಸಿರು ಗಾಡಿಯ ಮಹಬೂಬ್ ಸಾಹೇಬ್ರಲ್ಲಿ ಉಂಟು.”

ಬೆಕ್ಕು ಓಡಿತು.

ಹಸಿರು ಗಾಡಿ ನೀರಿನ ಪಕ್ಕದ ಇಳಿಜಾರಿನಲ್ಲಿತ್ತು. ಮಹಬೂಬ್ ಸಾಹೇಬರು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಬೆಕ್ಕು ಹೇಳಿತು:

“ಸಾಹೇಬ್ರೇ, ಸಾಹೇಬ್ರೇ, ಉಂಗುರ ಕೊಡಿ.
ಉಂಗುರ ಕೊಟ್ಟರೆ ಟೀಚರ್ ಸ್ಕ್ರೂ ಕೊಡ್ತಾರೆ.
ಸ್ಕ್ರೂ ಕೊಟ್ಟರೆ ತಾತ ಬಾಗಿಲು ತೆಗೀತಾರೆ.
ಬಾಗಿಲು ತೆಗೆದರೆ ನನ್ನ ಮೂರು ಮರಿ.”

“ಕೊಡ್ತಿದ್ದೆ ಬೇಟಿ,” ಅಂದರು ಸಾಹೇಬರು. “ಆದ್ರೆ ಬ್ರೇಕ್ ಮೇಲೆ ಕಾಲಿಟ್ಟು ಕೂತಿದ್ದೀನಿ. ಹ್ಯಾಂಡ್ ಬ್ರೇಕ್ ಹಿಡೀತಿಲ್ಲ. ಕಾಲು ತೆಗೆದ್ರೆ ನಾನೂ ಗಾಡೀನೂ ಕೆರೆಯಲ್ಲಿ. ಮೀನು ನನಗೆ ಸಲಾಂ ಹೇಳ್ತವೆ. ಚಕ್ರಕ್ಕೆ ಅಡ್ಡ ಕೊಡೋಕೆ ಒಂದು ಮರದ ಬೆಣೆ ತಾ. ಕೆಂಪು ಗಾಡಿಯ ಬಸಲಿಂಗಣ್ಣನ ಹತ್ತಿರ ಇದೆ.”

ಬೆಕ್ಕು ಓಡಿತು. ದಾರಿಯಲ್ಲಿ ಹಳದಿ ಗಾಡಿ. ಒಳಗಿಂದ ‘ಮಿಯಾ’ ಕೇಳಿತು. ‘ಮೀ’ ಕೇಳಿತು. ಬೆಕ್ಕು ಒಂದು ಗಳಿಗೆ ನಿಂತಿತು. ಮತ್ತೆ ಓಡಿತು.

ಕೆಂಪು ಗಾಡಿಯ ಮುಂದೆ ಬಟ್ಟೆಯ ಚಪ್ಪರ. ಚಪ್ಪರದ ಕೋಲು ಹಿಡಿದು ಬಸಲಿಂಗಣ್ಣ ನಿಂತಿದ್ದ. ಈ ಕೈಯಲ್ಲೊಂದು ಕೋಲು, ಆ ಕೈಯಲ್ಲೊಂದು ಕೋಲು. ಬೆಕ್ಕು ಹೇಳಿತು:

“ಅಣ್ಣಾ, ಅಣ್ಣಾ, ಬೆಣೆ ಕೊಡು.
ಬೆಣೆ ಕೊಟ್ಟರೆ ಸಾಹೇಬ್ರು ಉಂಗುರ ಕೊಡ್ತಾರೆ.
ಉಂಗುರ ಕೊಟ್ಟರೆ ಟೀಚರ್ ಸ್ಕ್ರೂ ಕೊಡ್ತಾರೆ.
ಸ್ಕ್ರೂ ಕೊಟ್ಟರೆ ತಾತ ಬಾಗಿಲು ತೆಗೀತಾರೆ.
ಬಾಗಿಲು ತೆಗೆದರೆ ನನ್ನ ಮೂರು ಮರಿ.”

“ಕೊಡ್ತಿದ್ದೆ ತಂಗಿ,” ಅಂದ ಬಸಲಿಂಗಣ್ಣ. “ಖರೆ, ನನ್ನ ಪಾಡು ನೋಡು. ಚಪ್ಪರದ ಹಗ್ಗ ಹರದದ. ನಮ್ಮವ್ವ ಕೈಯಾರೆ ಹೊಲಿದ ಚಪ್ಪರ ಇದು. ಕೋಲು ಬಿಟ್ಟರ ಬಿದ್ದು ಹರೀತದ. ಮೂಗು ತುರಸ್ತದ, ಅದನ್ನೂ ತುರಿಸಿಕೊಂಡಿಲ್ಲ. ಒಂದು ಹಗ್ಗ ತಾ. ಬಿಳಿ ಗಾಡಿ ವಾಸಂತಿಯಕ್ಕನ ಹತ್ರ ಅದ.”

ಬೆಕ್ಕು ಅವನ ಹೆಗಲಿಗೆ ಹತ್ತಿತು. ಬಾಲದಿಂದ ಮೂಗು ತುರಿಸಿತು. ಇಳಿಯಿತು. ಓಡಿತು.

ಬಿಳಿ ಗಾಡಿಯಲ್ಲಿ ವಾಸಂತಿ ಅತ್ತಿಂದಿತ್ತ ನಡೀತಿದ್ದಳು. ಹೆಗಲ ಮೇಲೆ ಪಾಪು. ಪಾಪು ಅಳ್ತಾ ಇತ್ತು. ಬೆಕ್ಕು ಹೇಳಿತು:

“ಅಕ್ಕಾ, ಅಕ್ಕಾ, ಹಗ್ಗ ಕೊಡು.
ಹಗ್ಗ ಕೊಟ್ಟರೆ ಬಸಲಿಂಗಣ್ಣ ಬೆಣೆ ಕೊಡ್ತಾನೆ.
ಬೆಣೆ ಕೊಟ್ಟರೆ ಸಾಹೇಬ್ರು ಉಂಗುರ ಕೊಡ್ತಾರೆ.
ಉಂಗುರ ಕೊಟ್ಟರೆ ಟೀಚರ್ ಸ್ಕ್ರೂ ಕೊಡ್ತಾರೆ.
ಸ್ಕ್ರೂ ಕೊಟ್ಟರೆ ತಾತ ಬಾಗಿಲು ತೆಗೀತಾರೆ.
ಬಾಗಿಲು ತೆಗೆದರೆ ನನ್ನ ಮೂರು ಮರಿ.”

“ಕೊಡ್ತಿದ್ದೆ ಕಣೆ,” ಅಂದಳು ವಾಸಂತಿ. “ಹಗ್ಗ ಮಂಚದ ಹಲಗೆ ಕೆಳಗಿದೆ. ಹಲಗೆ ಎತ್ತೋಕೆ ಎರಡು ಕೈ ಬೇಕು. ಪಾಪುಗೆ ನಿದ್ದೆ ಬರ್ತಿಲ್ಲ. ಕೆಳಗಿಟ್ಟರೆ ಚೀರುತ್ತೆ.”

“ನಿದ್ದೆ ಯಾರ ಹತ್ತಿರ ಇದೆ ಹೇಳು. ಓಡಿಹೋಗಿ ತರ್ತೀನಿ.”

“ನಿದ್ದೆ ಯಾರ ಪೆಟ್ಟಿಗೆಯಲ್ಲೂ ಇರೋದಿಲ್ಲ,” ಅಂದಳು ವಾಸಂತಿ.

ಬೆಕ್ಕು ಹೊರಗೆ ನೋಡಿತು. ಇನ್ನೊಂದು ಗಾಡಿ ಇರಲಿಲ್ಲ. ಆಚೆಗೆ ಬರೀ ಕೆರೆ. ಓಡೋಣ ಅಂದರೆ ಓಡೋಕೆ ಜಾಗ ಇಲ್ಲ.

ಆಗ ಬೆಕ್ಕು ಓಡಲಿಲ್ಲ. ಮುಂದಿನ ಉದ್ದ ಸೀಟಿನ ಮೇಲೆ ಹತ್ತಿತು. ಒಂದು ಸುತ್ತು ಸುತ್ತಿತು. ಮಲಗಿತು.

“ಅಕ್ಕಾ, ಪಾಪುನ ಇಲ್ಲಿ ಮಲಗಿಸು.”

ವಾಸಂತಿ ಪಾಪುನ ಮಲಗಿಸಿದಳು. ಪಾಪು ಚೀರಿತು. ಬೆಕ್ಕು ಅದರ ಹೊಟ್ಟೆಗೆ ಹೊಟ್ಟೆ ಒತ್ತಿತು.

ಗುರ್ರ್. ಗುರ್ರ್. ಗುರ್ರ್.

ಪಾಪು ಅತ್ತಿತು. ಗುರ್ರ್. ಪಾಪು ಬೆಕ್ಕಿನ ಕಿವಿ ಹಿಡಿದು ಎಳೆಯಿತು. ಗುರ್ರ್. ಮೀಸೆ ಎಳೆಯಿತು. ಗುರ್ರ್.

ದೂರದಲ್ಲಿ ‘ಮಿಯಾ’ ಕೇಳಿತು. ‘ಮೀ’ ಕೇಳಿತು.

ಬೆಕ್ಕಿನ ಕಿವಿ ನಿಮಿರಿತು. ಬೆಕ್ಕು ಏಳಲಿಲ್ಲ. ಎದ್ದರೆ ಪಾಪು ಮಲಗೋದಿಲ್ಲ. ಪಾಪು ಮಲಗದಿದ್ದರೆ ಹಗ್ಗ ಇಲ್ಲ. ಹಗ್ಗ ಇಲ್ಲದಿದ್ದರೆ ಬೆಣೆ ಇಲ್ಲ. ಬೆಣೆ ಇಲ್ಲದಿದ್ದರೆ ಉಂಗುರ ಇಲ್ಲ. ಉಂಗುರ ಇಲ್ಲದಿದ್ದರೆ ಸ್ಕ್ರೂ ಇಲ್ಲ. ಸ್ಕ್ರೂ ಇಲ್ಲದಿದ್ದರೆ ಬಾಗಿಲು ಇಲ್ಲ.

ಬೆಕ್ಕಿಗೆ ಅವಸರ. ನಿದ್ದೆಗೆ ಅವಸರ ಇಲ್ಲ.

ಗುರ್ರ್. ಗುರ್ರ್.

ದೂರದ ‘ಮಿಯಾ’ ಸಣ್ಣಗಾಯಿತು. ‘ಮೀ’ ನಿಂತೇಹೋಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡಿತು. ಪಾಪುವಿನ ಹಣೆ ನೆಕ್ಕಿತು, ತನ್ನ ಮರಿಯ ಹಣೆ ನೆಕ್ಕಿದ ಹಾಗೆ.

ಗುರ್ರ್.

ಪಾಪು ಆಕಳಿಸಿತು. ಮುಷ್ಟಿ ಸಡಿಲಿಸಿತು. ಮೀಸೆ ಬಿಟ್ಟಿತು.

ಪಾಪು ಮಲಗಿತು.

ವಾಸಂತಿ ಹಲಗೆ ಎತ್ತಿದಳು. ಹಗ್ಗ ತೆಗೆದಳು. ಬೆಕ್ಕು ಮೆಲ್ಲಗೆ, ಒಂದೊಂದೇ ಕಾಲು ಇಟ್ಟು, ಸೀಟಿನಿಂದ ಇಳಿಯಿತು. ಹಗ್ಗದ ತುದಿ ಕಚ್ಚಿತು. ಎಳೆದುಕೊಂಡು ಓಡಿತು. ಹಗ್ಗ ಹಿಂದೆ ಹಾವಿನ ಹಾಗೆ ಬಂತು.

ಹಗ್ಗ ಬಸಲಿಂಗಣ್ಣನಿಗೆ. ಬಸಲಿಂಗಣ್ಣ ಒಂದು ಕೋಲಿಗೆ ಎದೆ ಕೊಟ್ಟ, ಒಂದು ಕೈಯಿಂದ ಹಗ್ಗ ಬಿಗಿದ. ಚಪ್ಪರ ನಿಂತಿತು. ಎರಡು ಕೈಯೂ ಬಿಡುವಾಯಿತು. ಅವನು ಪೆಟ್ಟಿಗೆಯಿಂದ ಮರದ ಬೆಣೆ ತೆಗೆದ.

“ಭಾರ ಅದ ತಂಗಿ. ನಾನು ಹೊತ್ತು ತರ್ತೀನಿ. ದಾರಿ ತೋರಿಸು.”

ಬೆಕ್ಕು ಮುಂದೆ. ಬಸಲಿಂಗಣ್ಣ ಹಿಂದೆ.

ಬೆಣೆ ಮಹಬೂಬ್ ಸಾಹೇಬರಿಗೆ. ಬಸಲಿಂಗಣ್ಣ ಚಕ್ರದ ಕೆಳಗೆ ಬೆಣೆ ಇಟ್ಟ. ಬೆಕ್ಕು ಕೆಸರಿನಲ್ಲಿ ನಿಂತು ಹಣೆಯಿಂದ ಒತ್ತಿತು. ಬೆಣೆ ಕೂತಿತು. ಸಾಹೇಬರು ಬ್ರೇಕಿನಿಂದ ಕಾಲು ಮೆಲ್ಲಗೆ ತೆಗೆದರು. ಗಾಡಿ ಕದಲಲಿಲ್ಲ.

“ಮೀನುಗಳೇ, ಇವತ್ತು ಬೇಡ,” ಅಂದರು ಸಾಹೇಬರು. ಹಳೇ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿದರು. ಕತ್ತರಿಸಿದ್ದು ಸರಿಯಾಗಿ ದುಂಡಗಿದೆಯೋ ನೋಡಿದರು. ಇರಲಿಲ್ಲ. ಇನ್ನೊಂದು ಕತ್ತರಿಸಿದರು. ಅದು ದುಂಡಗಿತ್ತು.

ಬೆಕ್ಕು ಮುಂದೆ. ಬಸಲಿಂಗಣ್ಣ ಹಿಂದೆ. ಸಾಹೇಬರು ಅವನ ಹಿಂದೆ.

ಉಂಗುರ ಸೆಲಿನ್ ಟೀಚರಿಗೆ. ಟೀಚರ್ ಹೆಬ್ಬೆಟ್ಟು ತೆಗೆದರು. ಚುಯ್ ಅಂತ ನೀರು ಸಾಹೇಬರ ಗಡ್ಡಕ್ಕೆ. ಟೀಚರ್ ಉಂಗುರ ಕೂರಿಸಿದರು. ಪೈಪು ತಿರುಗಿಸಿದರು. ನೀರು ನಿಂತಿತು. ಟೀಚರ್ ಡಬ್ಬಿ ತಂದರು. ಡಬ್ಬಿಯಲ್ಲಿ ಹುಡುಕಿದರು. ಉದ್ದದ್ದು ಬೇಡ. ದಪ್ಪದ್ದು ಬೇಡ. ಕಡಲೆಬೇಳೆಯಷ್ಟು ಸಣ್ಣ ಸ್ಕ್ರೂ ಒಂದು ಸಿಕ್ಕಿತು.

“ನುಂಗಬೇಡ ಮಗಾ,” ಅಂದರು ಟೀಚರ್.

ಬೆಕ್ಕು ಸ್ಕ್ರೂವನ್ನು ಹಲ್ಲಿನ ತುದಿಯಲ್ಲಿ ಹಿಡಿಯಿತು. ಮರಿಯನ್ನು ಕಚ್ಚಿ ಎತ್ತಿದ ಹಾಗೆ ಹಿಡಿಯಿತು.

ಬೆಕ್ಕು ಮುಂದೆ. ಬಸಲಿಂಗಣ್ಣ ಹಿಂದೆ. ಸಾಹೇಬರು ಅವನ ಹಿಂದೆ. ಟೀಚರ್ ಅವರ ಹಿಂದೆ. ಎಲ್ಲರೂ ತುದಿಗಾಲಲ್ಲಿ ನಡೆದರು. ಪಾಪು ಮಲಗಿತ್ತಲ್ಲ.

ಸ್ಕ್ರೂ ತಾತನಿಗೆ. ತಾತನ ತೋಳು ಸೋತಿತ್ತು. ಆದರೂ ಹಿಡಿ ಬಿಟ್ಟಿರಲಿಲ್ಲ. ಸಾಹೇಬರು ಹಿಡಿಯನ್ನು ಒತ್ತಿ ಹಿಡಿದುಕೊಂಡರು. ತಾತ ಸ್ಕ್ರೂ ಇಟ್ಟರು. ತಿರುಗಿಸಿದರು. ಒಂದು ಸುತ್ತು. ಎರಡು ಸುತ್ತು. ಮೂರು ಸುತ್ತು.

ಪಾಪು ಮಲಗಿತು, ಹಗ್ಗ ಬಂತು.
ಹಗ್ಗ ಬಂತು, ಬೆಣೆ ಬಂತು.
ಬೆಣೆ ಬಂತು, ಉಂಗುರ ಬಂತು.
ಉಂಗುರ ಬಂತು, ಸ್ಕ್ರೂ ಬಂತು.
ಸ್ಕ್ರೂ ಬಂತು.

ತಾತ ಹಿಡಿ ಎಳೆದರು. ಬಾಗಿಲು ತೆರೆಯಿತು.

ಒಳಗೆ ಸದ್ದಿಲ್ಲ. ಬೆಕ್ಕು ಮಂಚಕ್ಕೆ ಹಾರಿತು. ಕಂಬಳಿ ಸರಿಸಿತು. ಕಂಬಳಿಯ ಮಡಿಕೆಯಲ್ಲಿ ಒಂದು ಮರಿ. ಅದರ ಮೇಲೆ ಒಂದು ಮರಿ. ಆ ಎರಡರ ನಡುವೆ ಒಂದು ಮರಿ. ಕೂಗಿ ಕೂಗಿ ಸಾಕಾಗಿ ಮಲಗಿದ್ದವು.

ಬೆಕ್ಕು ಒಂದನ್ನು ನೆಕ್ಕಿತು. ಇನ್ನೊಂದನ್ನು ನೆಕ್ಕಿತು. ಮತ್ತೊಂದನ್ನು ನೆಕ್ಕಿತು. ಮೂರೂ ಎದ್ದವು. ಮೂರೂ ಹಾಲು ಕುಡಿದವು.

ಶೇಷಗಿರಿ ತಾತನ ಗಾಡಿಯಲ್ಲಿ ಒಂದು ಕಟ್ಟುನಿಟ್ಟು. ಕಾಲು ಒರೆಸದೆ ಯಾರೂ ಒಳಗೆ ಬರುವಂತಿಲ್ಲ. ತಾತನ ಸ್ವಂತ ಅಕ್ಕ ಬಂದರೂ ಅಷ್ಟೆ. ದಿನಾ ಎಣ್ಣೆ ಹಾಕಿ ಉಜ್ಜಿದ ಮರದ ನೆಲ ಅದು. ಈಗ ಆ ನೆಲದ ಮೇಲೆ ಬಾಗಿಲಿಂದ ಮಂಚದವರೆಗೆ ಬೆಕ್ಕಿನ ಕೆಸರು ಹೆಜ್ಜೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು.

ಎಲ್ಲರೂ ತಾತನ ಮುಖ ನೋಡಿದರು.

ತಾತ ಒರೆಸೋ ಬಟ್ಟೆ ತೆಗೆದರು. ಹೆಜ್ಜೆ ನೋಡಿದರು. ಮಂಚದ ಕಡೆ ನೋಡಿದರು. ಬಟ್ಟೆಯನ್ನು ಮಡಿಸಿ ಮತ್ತೆ ಮೊಳೆಗೆ ಹಾಕಿದರು.

“ಇರಲಿ ಬಿಡಿ,” ಅಂದರು ಮೆಲ್ಲಗೆ. “ಮಕ್ಕಳು ಊಟ ಮಾಡ್ತಿದ್ದಾವೆ.”

ಮರಿಗಳ ಹೊಟ್ಟೆ ತುಂಬಿತು. ನಮ್ಮ ಕತೆಯ ಹೊಟ್ಟೆಯೂ ತುಂಬಿತು.