ಏಳು ಬೇರಿನ ಕಷಾಯ

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಜ್ವರ ಬಂದವರಿಗೆ ಅವರು ಏಳು ಬೇರಿನ ಕಷಾಯ ಕೊಡುತ್ತಿದ್ದರು. ನಲವತ್ತು ವರ್ಷದಿಂದ ಕೊಡುತ್ತಲೇ ಇದ್ದರು. ಆ ಬೇರುಗಳು ಯಾವುವೆಂದು ಅವರನ್ನು ಬಿಟ್ಟು ಇನ್ನೊಬ್ಬರಿಗೆ ತಿಳಿಯದು.

ಶಿಷ್ಯ ಹಂಪಣ್ಣ ಆ ಕಷಾಯದಿಂದಲೇ ಬದುಕಿದವನು. ಆರು ವರ್ಷದವನಿದ್ದಾಗ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದವನನ್ನು ತಾಯಿ ಹರಿಗೋಲಿನಲ್ಲಿ ಮಲಗಿಸಿಕೊಂಡು ತಂದಿದ್ದಳು. ಗುರುಗಳು ಕಷಾಯ ಕುಡಿಸಿದರು. ಮೂರನೆಯ ದಿನ ಅವನು ಕಣ್ಣು ಬಿಟ್ಟು ಗಂಜಿ ಕೇಳಿದ. ತಾಯಿ ಮಗನನ್ನು ಗುರುಗಳ ಪಾದಕ್ಕೆ ಹಾಕಿ, ಇವನು ಇನ್ನು ನಿಮ್ಮವನು ಎಂದು ಹೇಳಿ ಹೋದಳು. ಈಗ ಅವನಿಗೆ ಇಪ್ಪತ್ತನಾಲ್ಕು. ಬಂದವರನ್ನೆಲ್ಲ ಕೂರಿಸಿಕೊಂಡು ಈ ಕಥೆ ಹೇಳುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ.

ಶ್ರಾವಣದ ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದರು.

“ನನಗೆ ವಯಸ್ಸಾಯಿತು, ಹಂಪಣ್ಣ. ಕಾರ್ತಿಕದ ಹುಣ್ಣಿಮೆಗೆ ಏಳು ಬೇರುಗಳ ಹೆಸರನ್ನು ನಿನಗೆ ಒಪ್ಪಿಸುತ್ತೇನೆ.”

ಹದಿನೆಂಟು ವರ್ಷ ಹಂಪಣ್ಣ ಕಾದದ್ದು ಈ ಮಾತಿಗೇ.

“ಅದಕ್ಕೆ ಮೊದಲು ಒಂದು ಕೆಲಸವಿದೆ. ಈ ಕಷಾಯ ಜ್ವರ ಬಿಡಿಸುತ್ತದೋ ಇಲ್ಲವೋ, ತಿಳಿದುಕೊಂಡು ಬಾ.”

ಹಂಪಣ್ಣ ನಕ್ಕೇಬಿಟ್ಟ. “ನಾನು ಎದುರಿಗೇ ನಿಂತಿದ್ದೇನಲ್ಲ, ಗುರುಗಳೇ!”

“ನಿಂತಿದ್ದೀಯ. ಆದರೂ ತಿಳಿದುಕೊಂಡು ಬಾ.”

ಹಂಪಣ್ಣ ಕಷಾಯಕ್ಕೆ ಬಂದವರನ್ನೆಲ್ಲ ಲೆಕ್ಕ ಹಿಡಿದ. ಬಂದವರಿಗೆ ಒಂದು, ಗುಣವಾದವರಿಗೆ ಒಂದು, ಹೀಗೆ ಅಡುಗೆಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ತಿಂಗಳು ಕಳೆದ ಮೇಲೆ ಗುರುಗಳ ಮುಂದೆ ಬಂದು ನಿಂತ.

“ನಲವತ್ತು ಮಂದಿ ಕುಡಿದರು. ಮೂವತ್ತಾರು ಮಂದಿಗೆ ಗುಣವಾಯಿತು.”

“ಒಳ್ಳೆಯದು. ಎಷ್ಟು ಮಂದಿ ಎದ್ದರು ಎಂಬುದು ತಿಳಿಯಿತು. ಯಾವುದರಿಂದ ಎದ್ದರು?”

ಹಂಪಣ್ಣ ಅಡುಗೆಮನೆಯ ಹಿಂದಕ್ಕೆ ಹೋದ.

ಮತ್ತೆ ಗೋಡೆಯ ಮುಂದೆ ಕುಳಿತ. ಯಾರು ಎಷ್ಟು ದಿನ ಕುಡಿದರು ಎಂದು ಗೆರೆಗಳ ಪಕ್ಕದಲ್ಲಿ ಚುಕ್ಕೆ ಇಟ್ಟ. ಚುಕ್ಕೆ ಹೆಚ್ಚಿದ್ದವರಲ್ಲೇ ಗುಣವಾದವರು ಹೆಚ್ಚು. ಅವನು ಹೊಳೆಯವರೆಗೂ ಓಡಿದ. ಗುರುಗಳು ಸ್ನಾನ ಮುಗಿಸಿ ಕಲ್ಲಿನ ಮೇಲೆ ಕುಳಿತಿದ್ದರು.

“ಗುರುಗಳೇ, ಹೆಚ್ಚು ದಿನ ಕುಡಿದವರೇ ಹೆಚ್ಚು ಗುಣವಾಗಿದ್ದಾರೆ. ಎರಡೂ ಕೂಡಿಯೇ ಏರುತ್ತವೆ!”

ಗುರುಗಳು ನೀರಿನ ಕಡೆ ಕೈ ತೋರಿಸಿದರು. “ಬೆಳಿಗ್ಗೆ ಕೊಕ್ಕರೆ ಬರುತ್ತವೆ. ಹರಿಗೋಲೂ ಬರುತ್ತವೆ. ಕೊಕ್ಕರೆ ಹೆಚ್ಚಿದ್ದ ದಿನ ಹರಿಗೋಲೂ ಹೆಚ್ಚು. ಹರಿಗೋಲನ್ನು ಕೊಕ್ಕರೆ ಎಳೆದುಕೊಂಡು ಬರುತ್ತದೆಯೇ?”

“ಇಲ್ಲ. ಮೀನು ಹೆಚ್ಚಿದ್ದ ದಿನ ಎರಡೂ ಬರುತ್ತವೆ.”

“ಆಶ್ರಮಕ್ಕೆ ದಿನವೂ ನಡೆದುಬಂದು ಕುಡಿಯುವುದು ಯಾರಿಂದ ಆಗುತ್ತದೆ?”

ಹಂಪಣ್ಣ ಯೋಚಿಸಿದ. “ಕಾಲಲ್ಲಿ ಕಸುವಿದ್ದವರಿಂದ,” ಎಂದು ಮೆಲ್ಲಗೆ ಹೇಳಿದ. ಬಂದ ದಾರಿಯಲ್ಲೇ ತಿರುಗಿ ನಡೆದ.

ಮರುದಿನ ಹರಿಗೋಲು ಹತ್ತಿ ಆಚೆ ದಂಡೆಗೆ ಹೋದ. ಅಲ್ಲಿಯ ಊರಿನವರು ಕಷಾಯ ಕುಡಿಯುವವರಲ್ಲ. ಅಲ್ಲಿ ನಲವತ್ತು ಮಂದಿಗೆ ಜ್ವರ ಬಂದಿತ್ತು, ಮೂವತ್ತು ಮಂದಿ ಎದ್ದಿದ್ದರು. ಹಿಂದಿರುಗುವಾಗ ಅವನ ಎದೆ ಹಿಗ್ಗಿತ್ತು. ಈ ಸಲ ಗುರುಗಳು ಏನು ಹೇಳುತ್ತಾರೋ ನೋಡೇಬಿಡೋಣ ಎಂದುಕೊಂಡ.

“ಕುಡಿದ ದಂಡೆಯಲ್ಲಿ ಮೂವತ್ತಾರು, ಕುಡಿಯದ ದಂಡೆಯಲ್ಲಿ ಮೂವತ್ತು.”

“ಅಲ್ಲಿಯ ಮನೆಗಳು ಹೇಗಿವೆ?”

“ತಗ್ಗಿನಲ್ಲಿವೆ. ನೆಲ ಒದ್ದೆ.”

“ಎರಡು ಹೊತ್ತು ಉಣ್ಣುತ್ತಾರೆಯೇ?”

“ಒಂದೇ ಹೊತ್ತು.”

“ಆಚೆಯವರು ಯಾರು, ಈಚೆಯವರು ಯಾರು ಎಂದು ಹಂಚಿದ್ದು ನೀನಲ್ಲ. ನೀನು ಹೋಗುವ ಮೊದಲೇ ಅವರು ಬೇರೆಬೇರೆ ಆಗಿದ್ದರು.”

“ಹಾಗಾದರೆ ತಿಳಿಯುವುದು ಹೇಗೆ?” ಹಂಪಣ್ಣನಿಗೆ ಸಿಟ್ಟೇ ಬಂತು. ಗುರುಗಳ ಮುಂದೆ ದನಿ ಏರಿಸಿದ್ದು ಅದೇ ಮೊದಲು.

ಗುರುಗಳಿಗೆ ಸಿಟ್ಟು ಬರಲಿಲ್ಲ. “ಈ ದಂಡೆಯವರನ್ನೇ ಎರಡು ಪಾಲು ಮಾಡು. ಒಂದು ಪಾಲಿಗೆ ಕಷಾಯ. ಇನ್ನೊಂದು ಪಾಲಿಗೆ ಹಾಗಲದ ಎಲೆ ಕುದಿಸಿದ ಬರಿ ಕಹಿನೀರು. ಗಂಜಿ, ಚಾಪೆ, ಹಣೆಗೆ ಒದ್ದೆಬಟ್ಟೆ, ಇವು ಇಬ್ಬರಿಗೂ ಒಂದೇ. ಯಾರಿಗೆ ಯಾವುದು ಎಂದು ಚೀಟಿ ಹೇಳಲಿ, ನೀನು ಹೇಳಬೇಡ. ಏನು ಮಾಡುತ್ತಿದ್ದೇವೆಂದು ಬಂದವರಿಗೆಲ್ಲ ತಿಳಿಸಿ, ಒಪ್ಪಿದವರನ್ನು ಮಾತ್ರ ಸೇರಿಸು. ಜ್ವರ ಕೈಮೀರಿದವರನ್ನು ಚೀಟಿಗೆ ಹಾಕಬೇಡ. ಗಾಡಿ ಕಟ್ಟಿಸಿ ಪೇಟೆಯ ಆಸ್ಪತ್ರೆಗೆ ಕಳಿಸು.”

ಬಂದವರಲ್ಲಿ ಹೆಚ್ಚಿನವರು ಒಪ್ಪಿದರು. ಒಬ್ಬ ಮುದುಕಿ ಮಾತ್ರ ಗಡಿಗೆಗಳ ಮುಂದೆ ಕುಳಿತು ಏಳಲೇ ಇಲ್ಲ. “ಕಹಿ ಇದ್ದದ್ದು ಕೊಡಪಾ, ನನಗ ಮತ್ತೇನೂ ಬ್ಯಾಡ,” ಎಂದಳು.

“ಎರಡೂ ಕಹಿ ಅದಾವಮ್ಮ.”

“ಹಂಗಾರ ಎರಡೂ ಕೊಡು.”

ಅವಳಿಂದ ಒಂದು ಚೀಟಿ ಎತ್ತಿಸುವಷ್ಟರಲ್ಲಿ ಹಂಪಣ್ಣನಿಗೇ ಜ್ವರ ಬರುವುದೊಂದು ಬಾಕಿ.

ಹದಿನೈದು ದಿನದ ಮೇಲೆ ಅವನು ಗುರುಗಳನ್ನು ಗೋಡೆಯ ಹತ್ತಿರಕ್ಕೆ ಕರೆದುಕೊಂಡು ಹೋದ. ಕಷಾಯದ ಪಾಲಿನವರು ಎಲ್ಲರೂ ಎದ್ದಿದ್ದರು. ಕಹಿನೀರಿನವರಲ್ಲಿ ಅರ್ಧ ಮಂದಿ ಇನ್ನೂ ನರಳುತ್ತಿದ್ದರು.

ಗುರುಗಳು ಒಂದೊಂದೇ ಹೆಸರು ಕೇಳಿಕೊಂಡರು. ಕಷಾಯದ ಕಡೆ ಇದ್ದವರು ಬಲೆ ಎಳೆಯುವ ಗಂಡಸರು, ಕಲ್ಲು ಒಡೆಯುವವರು, ಹೊಸದಾಗಿ ಮದುವೆಯಾದ ಹುಡುಗರು. ಕಹಿನೀರಿನ ಕಡೆ ಊರಿನ ಮುದುಕರೆಲ್ಲ ಇದ್ದರು.

“ಇಷ್ಟು ಜಾಣ ಚೀಟಿಯನ್ನು ನಾನು ನೋಡಿರಲಿಲ್ಲ,” ಎಂದರು ಗುರುಗಳು.

ಹಂಪಣ್ಣನ ಮುಖ ಕೆಂಪಾಯಿತು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. “ಗುರುಗಳ ಕಷಾಯ ಸೋಲಬಾರದು ಅಂತ… ಅವರು ಎತ್ತಿದ ಚೀಟಿಯನ್ನು ನಾನೇ ಬದಲಾಯಿಸಿದೆ.”

ಗುರುಗಳು ಒದ್ದೆಬಟ್ಟೆ ತಂದು ಗೋಡೆಯ ಗೆರೆಗಳನ್ನೆಲ್ಲ ಒರೆಸಿದರು. “ಮೊದಲಿನಿಂದ ಶುರುಮಾಡು. ಈ ಸಲ ಗಡಿಗೆ ತುಂಬುವುದು ಸಿದ್ದಕ್ಕ.”

ಸಿದ್ದಕ್ಕ ಆಶ್ರಮದ ಅಡುಗೆಯವಳು. ಯಾರ ಮಾತಿಗೂ ಬಗ್ಗುವವಳಲ್ಲ. ಗುರುಗಳು ಕುದಿಸಿಕೊಟ್ಟ ಕಷಾಯವನ್ನೂ ಕಹಿನೀರನ್ನೂ ಅವಳು ಬಾಗಿಲು ಹಾಕಿಕೊಂಡು ಗಡಿಗೆಗೆ ತುಂಬಿದಳು, ಒಂದರ ಕೊರಳಿಗೆ ಕರಿದಾರ, ಇನ್ನೊಂದಕ್ಕೆ ಬಿಳಿದಾರ ಕಟ್ಟಿದಳು. ಯಾವುದರಲ್ಲಿ ಏನಿದೆ ಎಂದು ಕುಡಿಯುವವರಿಗೂ ತಿಳಿಯದು, ಕೊಡುವ ಹಂಪಣ್ಣನಿಗೂ ತಿಳಿಯದು, ಗುರುಗಳಿಗೂ ತಿಳಿಯದು. ಚೀಟಿಯ ಬುಟ್ಟಿಯನ್ನೂ ಅವಳೇ ಹಿಡಿದು ಕುಳಿತಳು. ಒಮ್ಮೆ ಹಂಪಣ್ಣ ಸುಮ್ಮನೆ ಅತ್ತ ಕೈ ಚಾಚಿದ್ದಕ್ಕೆ ಸೌಟಿನಿಂದ ಏಟು ಬಿತ್ತು.

ಕಾರ್ತಿಕದ ಹುಣ್ಣಿಮೆ ಬಂತು. ಅರವತ್ತು ಮಂದಿಯ ಲೆಕ್ಕ ಮುಗಿದಿತ್ತು. ಕರಿದಾರದ ಮೂವತ್ತು ಮಂದಿಯಲ್ಲಿ ಇಪ್ಪತ್ತಾರು ಮಂದಿ ಎದ್ದಿದ್ದರು. ಬಿಳಿದಾರದವರಲ್ಲಿ ಇಪ್ಪತ್ತೇಳು.

“ಕಷಾಯ ಯಾವುದರಲ್ಲಿತ್ತು, ಸಿದ್ದಕ್ಕ?”

“ಕರಿದಾರದ್ರಾಗ,” ಎಂದು ಹೇಳಿ ಸಿದ್ದಕ್ಕ ಅಕ್ಕಿ ಕೇರಲು ಹೋದಳು.

ಹಂಪಣ್ಣ ಗೋಡೆಯ ಮುಂದೆ ಒಬ್ಬನೇ ನಿಂತ. ಕೈಯಲ್ಲಿ ಇದ್ದಿಲಿತ್ತು. ಕರಿದಾರದ ಕಡೆ ನಾಲ್ಕು ಗೆರೆ ಎಳೆದರೆ ಮುಗಿಯಿತು. ಗುರುಗಳ ನಲವತ್ತು ವರ್ಷ ಉಳಿಯುತ್ತದೆ, ಅವನ ತಾಯಿ ಹೇಳಿಹೋದ ಮಾತೂ ಉಳಿಯುತ್ತದೆ. ಯಾರೂ ನೋಡುತ್ತಿರಲಿಲ್ಲ. ಕೈ ಗೋಡೆಯವರೆಗೂ ಹೋಯಿತು.

ಆಮೇಲೆ ಅವನು ಇದ್ದಿಲನ್ನು ಒಲೆಗೆ ಎಸೆದು, ಹೊಳೆಯಲ್ಲಿ ಕೈ ತೊಳೆದುಕೊಂಡು, ಗುರುಗಳ ಮುಂದೆ ಹೋಗಿ ಕುಳಿತ.

“ಇಪ್ಪತ್ತಾರು, ಇಪ್ಪತ್ತೇಳು,” ಎಂದ. “ಕಷಾಯದ್ದು ಇಪ್ಪತ್ತಾರು.”

ಗುರುಗಳ ಮನಸ್ಸಿಗೆ ನೋವಾಗಿತ್ತು, ಅದನ್ನು ಅವರು ಮುಚ್ಚಿಕೊಳ್ಳಲೂ ಇಲ್ಲ. ಎದ್ದುಹೋಗಿ ಕರಿದಾರದ ಗಡಿಗೆಯನ್ನು ತಂದು, ಉಳಿದದ್ದನ್ನು ದಾಸವಾಳದ ಗಿಡಕ್ಕೆ ಸುರಿದರು.

“ನಾಳೆ ಜ್ವರ ಅಂತ ಬಂದವರಿಗೆ ಏನು ಕೊಡಲಿ?” ಎಂದು ಹಂಪಣ್ಣ ಕೇಳಿದ.

“ಗಂಜಿ ಕೊಡು. ಚಾಪೆ ಹಾಸು. ಹಣೆಗೆ ಒದ್ದೆಬಟ್ಟೆ ಹಾಕು. ಅವನ್ನು ಎರಡೂ ಗಡಿಗೆಯವರಿಗೆ ಕೊಟ್ಟಿದ್ದೆವು.”

ಆಮೇಲೆ ಗುರುಗಳು ಅಂಗಳದ ನಡುವೆ ನಿಂತು ಏಳು ಬೇರುಗಳ ಹೆಸರನ್ನು ಗಟ್ಟಿಯಾಗಿ ಹೇಳಿದರು. ಅಕ್ಕಿ ಕೇರುತ್ತಿದ್ದ ಸಿದ್ದಕ್ಕನಿಗೂ ಕೇಳಿಸಿತು, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತು.

ಹಂಪಣ್ಣ ಅವರ ಕಾಲ ಬಳಿ ಕುಸಿದು ಕುಳಿತ. ಅವನಿಗೆ ಅಳು ತಡೆಯಲಾಗಲಿಲ್ಲ.

“ಗುರುಗಳೇ, ಹಾಗಾದರೆ ಅವತ್ತು ನಾನು ಬದುಕಿದ್ದು ಯಾವುದರಿಂದ?”

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

“ತಿಳಿಯದು, ಮಗನೇ. ಅವತ್ತು ಹರಿಗೋಲಿನಲ್ಲಿ ಬಂದವನು ನೀನೊಬ್ಬನೇ. ಚೀಟಿ ಎತ್ತುವುದಕ್ಕೆ ಇನ್ನೊಬ್ಬ ನೀನು ಇರಲಿಲ್ಲ.”